ಪಪ್ಪಾ ಕುಡಿದ ಕತ್ತಾಳೆ ಸಾರಾಯಿ

ಆಗೆಲ್ಲ ಸಾಲ್ಮಿಯಾದ ನಮ್ಮ ಎರಡು ಕೋಣೆಯ ಮನೆಯಲ್ಲಿ ಯಾವಾಗಲೂ ಗದ್ದಲ. ಗಲ್ಫ್‌ನಲ್ಲಿ ಬೆಳೆದ ನೀವೂ ಅಂಥ ಮನೆ ಕಂಡಿರುತ್ತೀರಿ. ಸೋಫಾದ ಮೇಲೆ ಮಲಗುವ ಚಿಕ್ಕಪ್ಪನೊಬ್ಬ ಇದ್ದೇ ಇರುತ್ತಾನೆ. ನಮ್ಮಲ್ಲಿ ಅದು ಲಾರೆನ್ಸ್ ಬಾಪ್ಪು, ಪಪ್ಪಾನ ತಮ್ಮ. ಸಲ್ವಾದ ಒಂದು ವಿಲ್ಲಾದಲ್ಲಿ ತೋಟದ ಕೆಲಸ.

ನನಗೆ ಎಂಟು ವರ್ಷವಾಗಿದ್ದ ಚಳಿಗಾಲದಲ್ಲಿ ಪಪ್ಪಾನ ತಂಗಿ, ನನ್ನ ಅತ್ತೆಯ ಮದುವೆ ಇಲ್ಲೇ ನಿಶ್ಚಯವಾಯಿತು. ಮದುವೆಯ ಹಿಂದಿನ ದಿನ ವಧುವಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರವಾದ ರೋಸ್‌ನಲ್ಲಿ ಮನೆಯ ಹಿರಿಯರು ಸಾರಾಯಿಯ ಗ್ಲಾಸ್ ಎತ್ತಲೇಬೇಕು. ಹನಿ ಸಾರಾಯಿಯೂ ಸಿಗದ ದೇಶದಲ್ಲಿ ಎತ್ತುವುದೇನನ್ನು? ಬಾಪ್ಪು, ತಮ್ಮ ಯಜಮಾನ ಕಫೀಲ್ ತೋಟದಿಂದ ಕೀಳಿಸಿ ಹಾಕಿದ್ದ ಕತ್ತಾಳೆಗಳ ಬುಡ ಹೊತ್ತು ತಂದರು.

"ಮೆಕ್ಸಿಕೋದಲ್ಲಿ ಇದರಿಂದಲೇ ತೆಗೆಯುವುದಂತೆ ಮಾರಾಯ್ತಿ. ನಮ್ಮ ಗೇರುಹಣ್ಣಿನ ಹಾಗೆಯೇ, ಮತ್ತೆಂತ ಇಲ್ಲ" ಎಂದು ಮಮ್ಮಿಯನ್ನು ಒಪ್ಪಿಸಿದರು.

ಓವನ್‌ನಲ್ಲಿ ಬೆಂದ ಕತ್ತಾಳೆಗೆ ಬೆಲ್ಲದ ಪಾಕದ ಪರಿಮಳ. ನಾನು ಕಬ್ಬಿನಂತೆ ಜಗಿದು ನಾರು ಉಗುಳುತ್ತಿದ್ದೆ. ವಾರ ಕಳೆಯುವಷ್ಟರಲ್ಲಿ ಬಕೆಟಿನಿಂದ ಹುಳಿ ನಾತ ಎದ್ದಿತು. ಕಡೆಗೆ ಭಟ್ಟಿಯಿಂದ ಇಳಿದದ್ದು ಎರಡೇ ಬಾಟಲಿ. ಮಾರನೆಯ ದಿನ ನೋಡಿದರೆ ಆರು ಬಾಟಲಿ ಇದ್ದವು. ಹೇಗೆಂದು ಯಾರೂ ಕೇಳಲಿಲ್ಲ.

ರೋಸ್‌ಗೆ ಎರಡು ದಿನ ಮೊದಲು ಪಪ್ಪಾ ರುಚಿ ನೋಡಲು ಕೂತು ಎರಡು ಗ್ಲಾಸ್ ಮುಗಿಸಿದರು. ಬೆಳಿಗ್ಗೆ ವಾಂತಿ. "ಎಲ್ಲ ಹಾಲಿನೊಳಗಿಂದ ನೋಡಿದ ಹಾಗೆ ಆಗ್ತದೆ" ಎಂದರು. ಬಾಪ್ಪು ಬಾಟಲಿಗಳನ್ನೆಲ್ಲ ಕಕ್ಕಸಿಗೆ ಸುರಿದು ನೀರು ಬಿಟ್ಟರು. "ಆಸ್ಪತ್ರೆಯಲ್ಲಿ ಯಾರೂ ಬಾಯಿ ಬಿಡಬೇಡಿ. ಗೊತ್ತಾದರೆ ಎಲ್ಲರ ಇಕಾಮಾ ಖಲಾಸ್, ಈ ದೇಶದಿಂದಲೇ ಹೊರಗೆ."

ಡಾಕ್ಟರ್ ಮೂರು ಸಲ ಕೇಳಿದರು, ಏನು ಕುಡಿದಿದ್ದಾರೆ ಎಂದು. "ಏನಿಲ್ಲ, ಜ್ವರ ಅಷ್ಟೇ" ಎಂದು ಮೂರು ಸಲವೂ ಮಮ್ಮಿ ಹೇಳಿದರು. ನನ್ನ ಭುಜದ ಮೇಲಿದ್ದ ಅವರ ಕೈ ಬಿಗಿಯಾಯಿತು. ಪಪ್ಪಾ ನನ್ನನ್ನೇ ನೋಡುತ್ತಿದ್ದರು. ಸಂಜೆಯ ಹೊತ್ತಿಗೆ ಅವರಿಗೆ ಏನೂ ಕಾಣಿಸದಾಯಿತು.

"ಮೊದಲು ಇಳಿದದ್ದರಲ್ಲಿ ವಿಷ ಇರ್ತದಂತೆ, ಅದನ್ನು ಚೆಲ್ಲಬೇಕಿತ್ತು, ಗೊತ್ತಾಗಲಿಲ್ಲ." ಬಾಪ್ಪು ವರ್ಷಗಟ್ಟಲೆ ಇದನ್ನೇ ಹೇಳಿದರು, ಎಲ್ಲರೂ ತಲೆಯಾಡಿಸಿದರು. ನಾನೂ ನಂಬಿದ್ದೆ. ಈಗ ಇದೇ ಊರಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ನಂಬಲಾರೆ. ಕತ್ತಾಳೆಯ ನಾರಿನಿಂದ ಹುಟ್ಟುವ ಮೆಥನಾಲ್ ಎಂಬ ವಿಷ ಎರಡು ಗ್ಲಾಸಿನಲ್ಲಿ ಕಣ್ಣು ತೆಗೆಯುವಷ್ಟು ಇರುವುದಿಲ್ಲ. ಮೆಥನಾಲ್ ಬಂದಿದ್ದು ಹೊರಗಿನಿಂದ.

ಹೋದ ವರ್ಷ ಬಾಪ್ಪು ಎದುರು ಕೂತು ನೇರವಾಗಿ ಕೇಳಿದೆ.

"ಐವತ್ತು ಜನಕ್ಕೆ ಎರಡು ಬಾಟಲಿ ಎಲ್ಲಿಗೆ ಸಾಕಾಗ್ತದೆ, ಬಾಯೆ?" ಎಂದರು, ತಲೆ ಎತ್ತದೆ. "ಪೇಂಟಿನವರ ಸ್ಪಿರಿಟ್ ಬೆರೆಸಿದೆ. ಸ್ಪಿರಿಟ್ ಎಲ್ಲ ಒಂದೇ ಅಂದ್ಕೊಂಡೆ."

ಅವರ ಮೇಲೆ ನನಗೆ ಕೆಂಡದಂಥ ಸಿಟ್ಟು. ಆದರೆ ಅದಕ್ಕಿಂತ ದೊಡ್ಡ ಸಿಟ್ಟು ಇನ್ನೊಂದಿದೆ. ಮೆಥನಾಲ್ ಕುಡಿದ ಕೂಡಲೇ ಕಣ್ಣು ಹೋಗುವುದಿಲ್ಲ. ಯಕೃತ್ತು ಅದನ್ನು ನಿಧಾನವಾಗಿ ಫಾರ್ಮಿಕ್ ಆಮ್ಲವಾಗಿಸುತ್ತದೆ, ಕಣ್ಣನ್ನು ಕೊಲ್ಲುವುದು ಆ ಆಮ್ಲ. ಅದನ್ನು ತಡೆಯುವ ಮದ್ದು ಆಸ್ಪತ್ರೆಗಳಲ್ಲಿದೆ. ಡಾಕ್ಟರ್ ಕೇಳಿದಾಗ ಇನ್ನೂ ಹೊತ್ತಿತ್ತು. ನಮ್ಮ ಇಕಾಮಾಗಳು ಉಳಿದವು.

ಮೊನ್ನೆ ಪಪ್ಪಾ ನನ್ನ ಮುಖವನ್ನು ಬೆರಳಿನಿಂದ ಸವರಿ, "ಈಗ ಹೇಗಿದ್ದೀಯೋ ಏನೋ" ಎಂದರು. ಅವರು ಕಡೆಯದಾಗಿ ಕಂಡ ನನ್ನ ಮುಖ ಎಂಟು ವರ್ಷದ್ದು. ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನಿಂತಿದ್ದ ಮುಖ.