ಟೈಲರನ ಗಿಟಾರಿನ ಮೇಲಿನ ಚಾಕ್ ಗುರುತು

ನಮ್ಮ ಪಕ್ಕದ ಅಂಗಡಿಯ ಟೈಲರಿಗೆ ಈ ವಯಸ್ಸಿನಲ್ಲಿ ಗಿಟಾರಿನ ಹುಚ್ಚು ಹಿಡಿದಿದೆ ಎಂದು ಬೀದಿಯೆಲ್ಲ ಆಡಿಕೊಂಡಿತು. ಹುಚ್ಚೂ ಅಲ್ಲ, ಮಣ್ಣೂ ಅಲ್ಲ, ಮಗಳ ಚಿಂತೆ. ಹಿಂದಿನ ವರ್ಷ ಶಾಲೆಯ ವೇದಿಕೆಯಲ್ಲಿ ಅವಳು ಹಾಡು ಮರೆತು ನಿಂತಾಗ ಸಭೆ ಗೊಳ್ಳೆಂದು ನಕ್ಕಿತ್ತು. ಆಮೇಲೆ ಆ ಹುಡುಗಿ ಹೊರಗಿನವರ ಮುಂದೆ ತುಟಿ ಪಿಟಕ್ಕೆನ್ನಲಿಲ್ಲ. ಮತ್ತೆ ಹಾಡೆಂದು ಅಪ್ಪ ಕಾಡಿ ಬೇಡಿದ ಮೇಲೆ ಒಂದು ಮಾತು ಹೇಳಿದಳು.

"ನೀನೂ ಪಕ್ಕದಲ್ಲಿ ಕೂತು ಗಿಟಾರ್ ನುಡಿಸಿದ್ರೆ ಹಾಡ್ತೀನಿ. ಇಲ್ಲಾಂದ್ರೆ ಇನ್ಯಾವತ್ತೂ ಕೇಳ್ಬೇಡ."

ತಪ್ಪಿಸಿಕೊಳ್ಳಲು ಹೇಳಿದ್ದು ಅದು. ಟೈಲರ್ ನಿಜವೆಂದೇ ಹಿಡಿದುಕೊಂಡ.

ಪ್ಯಾಂಟು ಹೊಲಿಸಲು ಬರುತ್ತಿದ್ದ ಸಂಗೀತದ ಮೇಷ್ಟ್ರು, ಗೆರೆಗಳ ಮೇಲೆ ಚುಕ್ಕೆಗಳಿದ್ದ ಹಾಳೆಯನ್ನು ಅವನ ಮುಂದೆ ಹರಡಿದರು. ಟೈಲರ್ ಅದನ್ನು ತಲೆಕೆಳಗು ಮಾಡಿಯೂ ನೋಡಿದ.

"ಸಾರ್, ಇದು ನನ್ನ ತಲೆಗೆ ಹತ್ತಲ್ಲ. ಬಟ್ಟೆ ಮೇಲೆ ಹಾಕೋ ಹಾಗೆ ಮರದ ಮೇಲೇ ಗುರುತು ಹಾಕಿಬಿಡಿ. ಬೆರಳು ಅಲ್ಲಿಡ್ತೀನಿ."

ಮೇಷ್ಟ್ರು ನಕ್ಕು, ಬಟ್ಟೆಗೆ ಗೆರೆ ಹಾಕುವ ಅವನದೇ ಚಾಕಿನಿಂದ ಗಿಟಾರಿನ ಕುತ್ತಿಗೆಯ ಮೇಲೆ ಬೆರಳಿಡುವ ಮೂರು ಹಿಡಿತಗಳನ್ನು ಗುರುತು ಮಾಡಿದರು. ಒಂದಕ್ಕೆ ಚುಕ್ಕೆ, ಒಂದಕ್ಕೆ ಗೀಟು, ಒಂದಕ್ಕೆ ಕತ್ತರಿ ಗುರುತು. ಮಗಳು ಹಾಡುವ ಹಾಡಿಗೆ ಅಷ್ಟೇ ಸಾಕಂತೆ. ಬೆರಳು ಉಜ್ಜಿ ಗುರುತು ಮಾಸಿದಾಗಲೆಲ್ಲ ಮಗಳೇ ಮಾತಿಲ್ಲದೆ ಬಂದು ತಿದ್ದುತ್ತಿದ್ದಳು. ಗೋಡೆಯಾಚೆ ಗಡಿಯಾರ ರಿಪೇರಿ ಮಾಡುವ ನಾನು ಆ ಕರ್ಕಶವನ್ನು ಹಲ್ಲು ಕಚ್ಚಿ ಸಹಿಸಿದೆ.

ಶಾಲೆಯ ಕಾರ್ಯಕ್ರಮದ ದಿನ ಟೈಲರಿಗೆ ಜೊತೆಯಾಗಿ ಪರದೆಯ ಹಿಂದೆ ನಾನೂ ಇದ್ದೆ. ಇವರ ಸರದಿ ಬಂತೆಂದು ಕರೆದರು. ಬೆವರುತ್ತಿದ್ದ ಟೈಲರ್ ಎದ್ದು, ಕರವಸ್ತ್ರ ತೆಗೆದು ಗಿಟಾರನ್ನು ಮೇಲಿಂದ ಕೆಳಗಿನವರೆಗೆ ನೀಟಾಗಿ ಒರೆಸಿದ. ಹೊಲಿದ ಬಟ್ಟೆಯನ್ನು ಗಿರಾಕಿಯ ಕೈಗೆ ಕೊಡುವ ಮೊದಲು ಚಾಕಿನ ಗುರುತು ಒರೆಸುವುದು ಅವನ ಕೈಗೆ ಅಂಟಿದ ಅಭ್ಯಾಸ. ನಾನು ಬಾಯಿ ತೆರೆಯುವಷ್ಟರಲ್ಲಿ ಒರೆಸಿ ಮುಗಿಸಿ ವೇದಿಕೆ ಹತ್ತಿದ್ದ.

ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂತು ತಲೆ ಬಗ್ಗಿಸಿದವನ ಮುಖ ಬಿಳಿಚಿಕೊಂಡಿತು. ಬೆರಳು ಅತ್ತ ಹೋಯಿತು, ಇತ್ತ ಹೋಯಿತು. ಮೀಟಿದರೆ ತಗಡು ಕೆರೆದ ಸದ್ದು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೈಕಿನ ಮುಂದೆ ಮಗಳು ಕಲ್ಲಿನಂತೆ ನಿಂತಿದ್ದಳು. ಈ ಮಗು ಇನ್ನು ಜನ್ಮದಲ್ಲಿ ಹಾಡುವುದಿಲ್ಲ ಎಂದುಕೊಂಡೆ. ಆ ಪೆದ್ದನ ಮೇಲೆ ಸಿಟ್ಟು ಬಂತು.

ಅವಳು ಅಪ್ಪನ ಕಡೆ ತಿರುಗಿದಳು.

"ಅಪ್ಪ, ಜೇಬಲ್ಲಿ ಚಾಕ್ ಇದೆಯಲ್ಲ, ಕೊಡು."

ಮೈಕು ಅದನ್ನು ಸಭೆಗೆಲ್ಲ ಕೇಳಿಸಿತು. ನಗು ಜೋರಾಯಿತು. ಅವಳು ಮಂಡಿಯೂರಿ, ತಂತಿಗಳ ನಡುವೆ ಚಾಕಿನ ಅಂಚು ತೂರಿಸಿ, ಚುಕ್ಕೆಗಳನ್ನಿಟ್ಟು ಗೀಟುಗಳನ್ನು ಎಳೆದಳು. ನಗು ನಿಲ್ಲಲಿಲ್ಲ. ಎದ್ದು ಮೈಕಿನ ಹತ್ತಿರ ಹೋದಳು.

"ಸ್ವಲ್ಪ ತಡೀರಿ. ಇನ್ನೊಂದು ಗುರುತು ಬಾಕಿ ಇದೆ."

ಸಭೆ ತಣ್ಣಗಾಯಿತು. ಕತ್ತರಿ ಗುರುತನ್ನೂ ಹಾಕಿ, ಚಾಕನ್ನು ಅಪ್ಪನ ಜೇಬಿಗೆ ತುರುಕಿ, ಹಾಡತೊಡಗಿದಳು. ನಡುವೆ ಟೈಲರ್ ಎಡವಿದ. ಅವಳು ನಿಲ್ಲಿಸಲಿಲ್ಲ. ಅವನ ಬೆರಳು ಸರಿಯಾದ ಗುರುತಿಗೆ ಬರುವವರೆಗೆ ಅದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತ ಕಾದಳು.