ಪಕ್ಕಕ್ಕೆ ಸರಿದ ಒಂದು ಹೆಜ್ಜೆ

ನಾನು ಚಿಕ್ಕವನಿದ್ದಾಗ, ಮುಂದಿನ ಹಲ್ಲೊಂದು ಅರ್ಧ ಮುರಿದುಹೋದ ಆ ವರ್ಷ, ಶಾಲೆಯ ಹಾಕಿ ತಂಡದಲ್ಲಿ ಫುಲ್‌ಬ್ಯಾಕ್ ಆಗಿದ್ದೆ. ಮಕ್ಕಳೇ, ನೀವು ಈಗ ಡಿಫೆಂಡರ್ ಅನ್ನುತ್ತೀರಲ್ಲ, ಅದೇ. ಗೋಲಿನ ಮುಂದೆ ನಿಂತು ಬರುವ ಚೆಂಡನ್ನು ತಡೆಯುವುದು ನನ್ನ ಕೆಲಸ. ನನ್ನ ಹಿಂದೆ ಗೋಲು ಕಾಯುತ್ತಿದ್ದವನು ಅಣ್ಣ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು.

ಹಲ್ಲು ಮುರಿದದ್ದು ಅಭ್ಯಾಸದ ದಿನ, ಚೆಂಡು ಕಲ್ಲಿಗೆ ತಾಗಿ ಪುಟಿದು. ನೋವು ನಾಲ್ಕು ದಿನದಲ್ಲಿ ಹೋಯಿತು. ಹೆದರಿಕೆ ಹೋಗಲಿಲ್ಲ. ಚೆಂಡು ಹತ್ತಿರ ಬಂದಾಗಲೆಲ್ಲ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಹುಡುಗರೆಲ್ಲ ಪುಕ್ಕಲ ಅನ್ನುತ್ತಾರೆ ಎಂಬ ಅಂಜಿಕೆ.

ಪಂದ್ಯವಿದ್ದದ್ದು ಒಂದು ಶನಿವಾರ. ಉದಯಗಿರಿಯ ನಮ್ಮ ಮನೆಯಿಂದ ಬನ್ನಿಮಂಟಪದ ಕಡೆಯ ಮೈದಾನಕ್ಕೆ ಇಬ್ಬರೂ ನಡೆದೇ ಹೋದೆವು. ಮೋಡ ಕವಿದಿತ್ತು. ಕೆಮ್ಮಣ್ಣಿನ ನೆಲ ಇನ್ನೂ ಒದ್ದೆಯಾಗಿತ್ತು. ಅಣ್ಣ ಹೆಗಲ ಮೇಲೆ ಹೊತ್ತಿದ್ದ ಕಾಲಿನ ಪ್ಯಾಡುಗಳಿಂದ ಹಳೆಯ ಹತ್ತಿಯ, ಬೆವರಿನ ವಾಸನೆ ಬರುತ್ತಿತ್ತು. ಗೋಲ್‌ಕೀಪರ್‌ಗೆ ಆಗ ಇದ್ದ ರಕ್ಷಣೆ ಅಷ್ಟೇ. ತಲೆಗೆ, ಮುಖಕ್ಕೆ ಏನೂ ಇರಲಿಲ್ಲ.

ಆಟ ಮುಗಿಯಲು ಇನ್ನೇನು ಐದು ನಿಮಿಷ. ಎರಡೂ ತಂಡಕ್ಕೆ ಒಂದೊಂದು ಗೋಲಾಗಿತ್ತು. ಎದುರಾಳಿ ಹುಡುಗನೊಬ್ಬ ಓಡಿಬಂದು ಬಲವಾಗಿ ಹೊಡೆದ. ಚೆಂಡು ನೆಲದ ಮೇಲೇ ಉರುಳುತ್ತ ನೇರ ನನ್ನ ಕಡೆಗೇ ಬಂತು. ಕೋಲನ್ನು ನೆಲಕ್ಕೆ ಊರಿದ್ದರೆ ಸಾಕಿತ್ತು. ನಾನು ಕಣ್ಣು ಮುಚ್ಚಿ ಪಕ್ಕಕ್ಕೆ ಸರಿದೆ. ನಾನು ಅಡ್ಡ ನಿಂತಿದ್ದರಿಂದ ಹಿಂದಿದ್ದ ಅಣ್ಣನಿಗೆ ಚೆಂಡು ಕಂಡೇ ಇರಲಿಲ್ಲ. ನನ್ನನ್ನು ದಾಟಿದ ಚೆಂಡು ಕಲ್ಲೊಂದಕ್ಕೆ ತಾಗಿ ಮೇಲಕ್ಕೆ ಪುಟಿಯಿತು.

ಒಣಮರಕ್ಕೆ ಹೊಡೆದಂಥ ಸದ್ದು. ಚೆಂಡು ಗೋಲಿನೊಳಗೆ ಹೋಗಲಿಲ್ಲ. ಗೋಲು ಉಳಿಯಿತೆಂದು ನಮ್ಮ ಹುಡುಗರು ಚಪ್ಪಾಳೆ ತಟ್ಟಿದರು. ನಾನು ತಿರುಗಿ ನೋಡಿದಾಗ ಅಣ್ಣ ಮೊಣಕಾಲೂರಿ, ಎರಡೂ ಕೈಯಿಂದ ಎಡಗಣ್ಣನ್ನು ಒತ್ತಿ ಹಿಡಿದಿದ್ದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

ಮೇಷ್ಟ್ರು ಟಾಂಗಾ ಕರೆಸಿದರು. ಆಸ್ಪತ್ರೆಯವರೆಗೂ ಅಣ್ಣನ ತಲೆ ನನ್ನ ತೊಡೆಯ ಮೇಲಿತ್ತು. ಅಪ್ಪ ಗ್ಯಾರೇಜಿನ ಬಟ್ಟೆಯಲ್ಲೇ ಓಡಿಬಂದರು. ಕೈಗೆ ಮೆತ್ತಿದ್ದ ಗ್ರೀಸನ್ನೂ ಒರೆಸಿಕೊಂಡಿರಲಿಲ್ಲ.

“ಏನಾಯ್ತೋ?” ಎಂದು ನನ್ನನ್ನು ಕೇಳಿದರು.

ಅಣ್ಣನೇ ಮಲಗಿದ್ದಲ್ಲಿಂದ ಹೇಳಿದ. “ಚೆಂಡು ಪುಟಿದು ಬಂದ್ಬುಡ್ತು ಕಣಪ್ಪ. ಅವನೇನ್ ಮಾಡ್ತಾನೆ.”

ಎಡಗಣ್ಣಿಗೆ ದೃಷ್ಟಿ ಬರಲಿಲ್ಲ. ನಾನು ಕೋಲನ್ನು ಮಂಚದ ಕೆಳಗೆ ತಳ್ಳಿಬಿಟ್ಟೆ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಣ್ಣನೇ ಅದನ್ನು ಎಳೆದು ನನ್ನ ಕೈಗೆ ಕೊಟ್ಟ. ಮನೆಯ ಹಿಂದಿನ ಖಾಲಿ ಜಾಗಕ್ಕೆ ಕರೆದುಕೊಂಡು ಹೋಗಿ, ತಾನು ಇನ್ನೊಂದು ಕೋಲು ಹಿಡಿದು ಚೆಂಡು ಇಟ್ಟುಕೊಂಡ. ಮೊದಲ ಏಟು ಗಾಳಿಗೆ ಹೋಯಿತು. ಎರಡನೆಯದೂ ಅಷ್ಟೇ. ಒಂದೇ ಕಣ್ಣಿಗೆ ಚೆಂಡು ಎಷ್ಟು ದೂರದಲ್ಲಿದೆ ಎಂಬುದು ತಿಳಿಯುತ್ತಿರಲಿಲ್ಲ. ಅದನ್ನು ನೋಡಿ ನಾನು ಅತ್ತುಬಿಟ್ಟೆ.

“ಆಮೇಲೆ ಅಳುವಂತೆ. ಮೊದ್ಲು ಕೋಲು ನೆಲಕ್ಕೆ ಊರು,” ಅಂದ. “ಕಣ್ಣು ಮುಚ್ಚಬ್ಯಾಡ ಕಣೋ. ಹೆದರ್ಕೊ, ಆದ್ರೆ ನೋಡ್ತಾ ಹೆದರ್ಕೊ.”

ದಿನಾ ಬೆಳಿಗ್ಗೆ ಹಾಗೇ ನಡೆಯಿತು. ನನ್ನ ಮೊಣಕಾಲ ಕೆಳಗೆಲ್ಲ ಕಪ್ಪುಗಟ್ಟಿದ ಗಾಯ. ಬೇಸಿಗೆಯ ಹೊತ್ತಿಗೆ ನನ್ನ ಕಣ್ಣು ಮುಚ್ಚುವುದು ನಿಂತಿತು. ಆಗ ಅಪ್ಪನ ಬಳಿ ಹೋಗಿ ನಿಜ ಹೇಳಿದೆ. ಅವರು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. “ಗೊತ್ತು. ಮೇಷ್ಟ್ರು ಅವತ್ತೇ ಹೇಳಿದ್ರು,” ಅಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮರುವರ್ಷ ನಾನು ಮತ್ತೆ ತಂಡದಲ್ಲಿ ಆಡಿದೆ. ಚೆಂಡು ಬಂದಾಗ ಸರಿಯಲಿಲ್ಲ. ಒಳ್ಳೆಯ ಫುಲ್‌ಬ್ಯಾಕ್ ಎಂದು ಹೆಸರೂ ಬಂತು. ಆದರೆ ಹಿಂತಿರುಗಿ ನೋಡಿದರೆ ಗೋಲಿನಲ್ಲಿ ಬೇರೆ ಹುಡುಗ. ಅಣ್ಣ ಗೆರೆಯಾಚೆ ಕೂತು, ಇಡೀ ಕತ್ತು ಹೊರಳಿಸಿ ಆಟ ನೋಡುತ್ತಿದ್ದ. ಅವನಿಗೆ ರೈಲು ಓಡಿಸುವ ಆಸೆಯಿತ್ತು. ಒಂದು ಕಣ್ಣಿನವನಿಗೆ ಆ ಕೆಲಸ ಸಿಗಲಿಲ್ಲ. ಮೇಟಗಳ್ಳಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಪೆಟ್ಟಿಗೆ ಜೋಡಿಸುತ್ತಲೇ ಅವನ ವಯಸ್ಸು ಕಳೆಯಿತು. ನನ್ನ ಮೇಲೆ ಒಂದು ದಿನವೂ ಸಿಟ್ಟಾಗಲಿಲ್ಲ. ಈಗ ಅವನಿಲ್ಲ.

ಮಕ್ಕಳೇ, ನೀವು ಆಡುವುದು ನೀರು ಚಿಮುಕಿಸಿದ ಟರ್ಫಿನ ಹಾಸಿನ ಮೇಲೆ. ಅಲ್ಲಿ ಒಂದು ಕಲ್ಲೂ ಸಿಗುವುದಿಲ್ಲ. ನಿಮ್ಮ ಗೋಲ್‌ಕೀಪರ್ ಹೆಲ್ಮೆಟ್ಟಿನೊಳಗಿಂದ ನಗುತ್ತಾಳೆ. ಮೊನ್ನೆ ನಿಮ್ಮಲ್ಲೇ ಚಿಕ್ಕವಳು ಕೋಚ್ ಬಳಿ ಹೋಗಿ, “ಸರ್, ನಂಗೆ ಇವತ್ತು ಭಯ ಆಗ್ತಿದೆ, ಡಿಫೆನ್ಸಲ್ಲಿ ನಿಲ್ಲಲ್ಲ,” ಅಂದಳು. ಅವರು ನಗಲಿಲ್ಲ. “ಆಯ್ತು ಕಣಮ್ಮ, ಕೂತ್ಕೋ, ನಾಳೆ ನೋಡೋಣ,” ಅಂದರು. ಅವಳು ಬಂದು, ಗೆರೆಯಾಚೆ ನಿಮ್ಮ ಆಟ ನೋಡುತ್ತಿದ್ದ ನನ್ನ ಪಕ್ಕ ಕೂತು ಕಿತ್ತಳೆ ತಿಂದಳು. ಅವಳ ಜಾಗದಲ್ಲಿ ಇನ್ನೊಬ್ಬಳು ನಿಂತಳು. ಆಟ ನಡೆಯಿತು. ಯಾರಿಗೂ ಏನೂ ಆಗಲಿಲ್ಲ.