ಕಿಟಕಿ ಪಕ್ಕದ ಮದುಮಗಳ ಮೇಜು

ನೋಲೀನ್ ಟ್ರಾಂಟರ್ ಅರವತ್ತು ದಾಟಿದ ಮೇಲೆ ಮದುವೆಯಾಗುತ್ತಾಳಂತೆ ಎಂಬ ಸುದ್ದಿ ಹಾರ್ಶಂ ಪೇಟೆಯಲ್ಲಿ ಹಬ್ಬಿದಾಗ ಯಾರೂ ಕೆಟ್ಟದ್ದು ಆಡಲಿಲ್ಲ. ನಕ್ಕರು, ಅಷ್ಟೆ. ಒಳ್ಳೆಯ ನಗುವೇ. ಆದರೆ ಮಗು ಮೊದಲ ಹೆಜ್ಜೆ ಇಟ್ಟಾಗ ನಗುತ್ತಾರಲ್ಲ, ಆ ನಗು. ದೊಡ್ಡವರನ್ನು ನೋಡಿ ಯಾರೂ ಹಾಗೆ ನಗಬಾರದು.

ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು ಅವಳು. ಊರಿನ ಅರ್ಧಕ್ಕರ್ಧ ಮದುವೆಗಳ ಊಟ ಉಂಡವಳು. ಮುಖ್ಯ ಬೀದಿಯ ಪಿಂಗಾಣಿ ಅಂಗಡಿಯಲ್ಲಿ ಕಿಟಕಿ ಪಕ್ಕ ಒಂದು ಮೇಜಿದೆ. ಮದುಮಗಳು ಬಂದು ತನಗೆ ಬೇಕಾದ್ದನ್ನು ಆರಿಸಿ ಅದರ ಮೇಲೆ ಇಡಿಸುತ್ತಾಳೆ. ಮುಂದೆ ಅವಳ ಹೆಸರಿನ ಕಾರ್ಡು ನಿಲ್ಲುತ್ತದೆ. ನೆಂಟರು, ಗೆಳತಿಯರು ಬಂದು ಅದರಲ್ಲೇ ಒಂದೊಂದನ್ನು ಕೊಂಡು, ಕೊಟ್ಟವರ ಹೆಸರಿನ ಚೀಟಿ ಕಟ್ಟಿಸುತ್ತಾರೆ. ಆ ಮೇಜಿನಿಂದ ನೋಲೀನ್ ಕೊಟ್ಟ ಬಟ್ಟಲು, ಕೆಟಲ್, ಮೇಜುಹಾಸು ಈಗಲೂ ಊರಿನ ಅಡುಗೆಮನೆಗಳಲ್ಲಿ ದುಡಿಯುತ್ತಿವೆ. ಮೇಜಿನ ಮೇಲೆ ಅವಳ ಹೆಸರು ಮಾತ್ರ ಎಂದೂ ನಿಂತಿರಲಿಲ್ಲ.

ತಾಯಿಯನ್ನು ಕೊನೆಯವರೆಗೂ ನೋಡಿಕೊಂಡವಳು ಅವಳೇ. ತಾಯಿ ತೀರಿದ ಮೇಲೆ ಅಣ್ಣ ಜಮೀನು ಮಾರಿ, ಸಾಮಾನನ್ನು ಹರಾಜಿಗಿಟ್ಟ. ನಮ್ಮ ಕಡೆ ಹರಾಜೆಂದರೆ ಎಲ್ಲವನ್ನೂ ತಂದು ಬಯಲಲ್ಲಿ ಸಾಲಾಗಿ ಸುರಿಯುವುದು: ಟ್ರಾಕ್ಟರು, ಬೇಲಿ ತಂತಿ, ಅಜ್ಜಿ ಮಲಗಿದ ಮಂಚ. ತಾಯಿಯ ನೀಲಿ ಅಂಚಿನ ಚಹಾ ಕಪ್ಪುಗಳು ಮೊಲ ಹಿಡಿಯುವ ಬೋನುಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಹೋದವು. ಕೊಂಡವನಿಗೆ ಬೇಕಾಗಿದ್ದದ್ದು ಬೋನು. ನೋಲೀನ್ ಆಗ ಬಂದವರಿಗೆಲ್ಲ ಸ್ಯಾಂಡ್‌ವಿಚ್ ಹಂಚುತ್ತಿದ್ದಳು.

"ನಿಂಗೆ ಬೇಕಿದ್ರೆ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದ ಅಣ್ಣ.

ಹೇಳಬೇಕಿತ್ತಂತೆ. ಕೇಳಬೇಕಾದವನು ತಾನು ಎನ್ನುವುದು ಅವನ ತಲೆಗೆ ಹೋಗಲಿಲ್ಲ. ಇಂಥವರ ತಲೆಗೆ ಅದು ಹೋಗುವುದೂ ಇಲ್ಲ.

ಮದುಮಗ ಕ್ಲಾರಿ ಹಾರ್ಗ್ರೀವ್ಸ್ ಗೋಧಿ ಲಾರಿ ಓಡಿಸುತ್ತಿದ್ದವನು, ಹೆಂಡತಿ ಬೆರಿಲ್ ಸತ್ತಮೇಲೆ ಒಂಟಿಯಾಗಿದ್ದವನು. ಒಳ್ಳೆಯವನು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಅಡುಗೆಮನೆ ಬೆರಿಲಳದು. ಕಪಾಟಿನ ಪ್ರತಿ ಅರೆಯ ಅಂಚಿಗೂ ಆಕೆ ತನ್ನ ಗುಂಡು ಅಕ್ಷರದಲ್ಲಿ ಚೀಟಿ ಅಂಟಿಸಿ ಹೋಗಿದ್ದಳು: ದೊಡ್ಡ ತಟ್ಟೆ, ಮಕ್ಕಳ ಲೋಟ, ಭಾನುವಾರದ ಕಪ್ಪು. ಮೊದಲ ಸಲ ಸಕ್ಕರೆ ಹುಡುಕಲು ಬಾಗಿಲು ತೆರೆದ ನೋಲೀನಳಿಗೆ ಯಾರದೋ ಮನೆಗೆ ನೆಂಟಳಾಗಿ ಬಂದಂತಾಯಿತು. ಆ ಮನೆಯಲ್ಲಿ ತನ್ನದು ಅನ್ನುವುದು ಒಂದಾದರೂ ಇರಬೇಕು ಎಂದು ಆವತ್ತೇ ಅವಳಿಗೆ ಅನ್ನಿಸಿದ್ದು.

ಹಾಗಾಗಿ ಅಂಗಡಿಗೆ ಹೋದಳು. ಅಂಗಡಿಯ ವಿಲ್ಮಾ ಹಳೆಯ ಗೆಳತಿ. ನೋಲೀನ್ ಆರಿಸಿದ್ದು ಹೆಚ್ಚೇನಲ್ಲ: ನೀಲಿ ಅಂಚಿನ ಚಹಾ ಕಪ್ಪು, ಸಾಸರು, ಅದೇ ಬಗೆಯ ಟೀಪಾಟ್, ಒಂದು ಹಾಲಿನ ಜಗ್ಗು. ಇಡೀ ಮೇಜಿನಲ್ಲಿ ಒಂದು ಮೂಲೆ ಸಾಕಾಯಿತು. ಕಾರ್ಡಿನಲ್ಲಿ ತನ್ನ ಹೆಸರನ್ನು ಕಂಡು ಬೀದಿಗೆ ಹೋಗಿ ಹೊರಗಿನಿಂದ ಒಮ್ಮೆ ನೋಡಿ ಬಂದಳು. ಕ್ಲಾರಿಗೆ ಹೇಳಿದಾಗ ಅವನು, ನಿನಗೆ ಖುಷಿಯಾದರೆ ಇಡು, ಆದರೆ ಮನೆಯಲ್ಲಿ ಎಲ್ಲಾ ಇದೆಯಲ್ಲ ಎಂದ.

ಮದುವೆಯ ಹಿಂದಿನ ವಾರ ಹೋದರೆ ಮೇಜಿನಿಂದ ಒಂದು ಸಾಸರೂ ಕದಲಿರಲಿಲ್ಲ. ವಿಲ್ಮಾ ಎರಡು ಸಲ ಧೂಳು ಒರೆಸಿದ್ದಳು, ಅಷ್ಟೆ. ಅವಳು ತನಗೆ ಬಂದಿದ್ದ ಆಮಂತ್ರಣವನ್ನು ತಂದು ನೋಲೀನಳ ಕೈಗಿಟ್ಟಳು. ನೋಲೀನ್ ಅದನ್ನು ನೋಡಿದ್ದು ಅದೇ ಮೊದಲು. ಮದುಮಗಳಿಗೆ ಆಮಂತ್ರಣ ಕಳಿಸುವವರು ಯಾರು? ಅಚ್ಚು ಹಾಕಿಸಿದ್ದು ಕ್ಲಾರಿಯ ಮಗಳು ಲಿಯಾನ್.

ಮನೆಯಲ್ಲಿ ಎಲ್ಲವೂ ಇದೆ, ಉಡುಗೊರೆ ತರಬೇಡಿ, ಎಂದಿತ್ತು ಕೆಳಗೆ. ಬಾಗಿಲಲ್ಲಿ ಹಾರೈಕೆಯ ಬಾವಿ ಇರುತ್ತದೆ, ನಿಮ್ಮ ಹಣದ ಲಕೋಟೆ ಅದಕ್ಕೆ ಹಾಕಿ, ಕ್ಯಾರವಾನ್ ಕೊಂಡು ಊರೂರು ಸುತ್ತುವ ಅಪ್ಪನ ಕನಸು ನನಸಾಗಲಿ.

ಆ ಬಾವಿ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಪ್ಲೈವುಡ್ಡಿನದು, ಮೇಲೊಂದು ಪುಟ್ಟ ಸೂರು, ತಗಡಿನ ಬಕೆಟ್ಟು. ಟೆನಿಸ್ ಕ್ಲಬ್ಬಿನವರು ಮದುವೆಗಳಿಗೆ ಎರವಲು ಕೊಡುತ್ತಾರೆ.

ಸಂಜೆ ಲಿಯಾನಳೇ ಫೋನು ಮಾಡಿದಳು. ನೋಲೀನ್ ಆಮಂತ್ರಣ ನೋಡಿದ್ದನ್ನು ವಿಲ್ಮಾ ತಡೆಯಲಾರದೆ ತಿಳಿಸಿದ್ದಳು.

"ಬೇಜಾರ್ ಮಾಡ್ಕೋಬೇಡಿ ನೋಲೀನ್. ನಿಮ್ ವಯಸ್ಸಲ್ಲಿ ಕಿಟಕೀಲಿ ಮೇಜು ಇಡ್ಸಿದ್ರೆ ಜನ ಆಡ್ಕೊಳಲ್ವಾ? ನಾನು ನಿಮ್ ಮರ್ಯಾದೆ ಉಳಿಸ್ದೆ. ಅಮ್ಮನ ಸಾಮಾನೆಲ್ಲ ಇನ್ಮೇಲೆ ನಿಮ್ದೇ ತಾನೆ?"

ನೋಲೀನ್ ಥ್ಯಾಂಕ್ಸ್ ಹೇಳಿದಳು. ಫೋನು ಇಟ್ಟಳು.

ಇಪ್ಪತ್ತೆರಡರ ಹುಡುಗಿ ಎಂಟು ಬಗೆಯ ಲೋಟ ಕೇಳಿದರೆ ಅದು ಸಂಭ್ರಮ. ಅರವತ್ತರ ಹೆಂಗಸು ಒಂದು ಟೀಪಾಟ್ ಕೇಳಿದರೆ ಅದು ಮರ್ಯಾದೆಗೇಡು. ವಯಸ್ಸಾದಂತೆ ಬೇಕುಗಳು ತಾವಾಗಿಯೇ ಉದುರಿಹೋಗುತ್ತವೆ ಎಂದು ನಾವು ನಂಬಿದ್ದೇವೆ, ಯಾಕೆಂದರೆ ಆ ನಂಬಿಕೆ ನಮಗೆ ಅನುಕೂಲ. ಲಿಯಾನ್ ಕೆಟ್ಟವಳಲ್ಲ. ಅಣ್ಣನೂ ಅಲ್ಲ. ಒಳ್ಳೆಯವರೇ ಸೇರಿಕೊಂಡು ಒಬ್ಬಳ ಕೈ ಖಾಲಿ ಮಾಡುವುದು ಹೀಗೆ.

ಮರುದಿನ ನೋಲೀನ್ ಅಂಗಡಿಗೆ ಹೋಗಿ ಎಲ್ಲವನ್ನೂ ಕಟ್ಟಿಕೊಡು ಎಂದಳು. ಮೇಜಿನ ಸಾಮಾನು ಕೊಟ್ಟವರ ಹೆಸರಿಲ್ಲದೆ ಹೊರಗೆ ಹೋಗುವಂತಿಲ್ಲ, ಅದು ಅಲ್ಲಿನ ಪದ್ಧತಿ.

"ಚೀಟೀಲಿ ಯಾರ ಹೆಸ್ರು ಬರೀಲಮ್ಮಾ?"

"ನೋಲೀನ್ ಟ್ರಾಂಟರ್."

"ಯಾರಿಗೆ?"

"ನೋಲೀನ್ ಹಾರ್ಗ್ರೀವ್ಸ್‌ಗೆ. ಶನಿವಾರ ಬರ್ತಾಳೆ ಅವ್ಳು."

"ಕೊಟ್ಟವಳಿಗೆ ಥ್ಯಾಂಕ್ಸ್ ಕಾರ್ಡು ಕಳ್ಸೋದು ಮರೀಬೇಡ ಅಂತ ಹೇಳು ಅವ್ಳಿಗೆ," ಎಂದಳು ವಿಲ್ಮಾ. ಇಬ್ಬರೂ ನಕ್ಕರು. ಆಮೇಲೆ ವಿಲ್ಮಾ ದಾರ ಕಟ್ಟುವುದರಲ್ಲಿ ಬೇಕೆಂದೇ ಹೊತ್ತು ಕಳೆದಳು.

ಮದುವೆ ಚೆನ್ನಾಗಿ ಆಯಿತು. ಬಾವಿ ತುಂಬಿತು. ಭಾನುವಾರ ಬೆಳಿಗ್ಗೆ ಕ್ಲಾರಿ ಇನ್ನೂ ಮಲಗಿರುವಾಗಲೇ ನೋಲೀನ್ ಎದ್ದು ಪೆಟ್ಟಿಗೆ ಬಿಚ್ಚಿದಳು. ಒಂದೊಂದೇ ಅರೆ ತೆರೆದು ನೋಡಿದಳು. ಎಲ್ಲ ತುಂಬಿದ್ದವು, ಎಲ್ಲಕ್ಕೂ ಚೀಟಿಯಿತ್ತು. ಸತ್ತವಳ ಕೈಬರಹ ಕಿತ್ತು ತೆಗೆಯುವುದು ಅವಳಿಂದಾಗಲಿಲ್ಲ. ಕೊನೆಗೆ ಹಿತ್ತಲ ಕಡೆಯ ಬಟ್ಟೆ ಒಗೆಯುವ ಕೋಣೆಗೆ ಹೋದಳು. ಅಲ್ಲಿ ಕ್ಲಿಪ್ಪುಗಳ ಬುಟ್ಟಿಯ ಪಕ್ಕ ಅರ್ಧ ಹಲಗೆ ಖಾಲಿಯಿತ್ತು. ಕಪ್ಪುಗಳನ್ನು ಅಲ್ಲಿ ಜೋಡಿಸಿ, ಚಹಾ ಮಾಡಿ ತಂದು, ವಾಷಿಂಗ್ ಮೆಷಿನ್ನಿಗೆ ಒರಗಿ ನಿಂತು ಕುಡಿಯತೊಡಗಿದಳು.

ಕ್ಲಾರಿ ಬಾಗಿಲಿಗೆ ಬಂದ. "ಇಲ್ಯಾಕೆ ನಿಂತ್ಕೊಂಡು ಕುಡೀತಿದೀಯ?"

"ಇಲ್ಲಿ ಜಾಗ ಇತ್ತು."

ಅವನು ಹಲಗೆಯನ್ನು ನೋಡಿದ. ಅಡುಗೆಮನೆಗೆ ಹೋದ. ಅರೆಯ ಬಾಗಿಲು ತೆರೆದ ಸದ್ದು ಕೇಳಿತು. ನೋಲೀನ್ ಕಪ್ಪನ್ನು ತುಟಿಯ ಹತ್ತಿರವೇ ಹಿಡಿದು ಕಾದಳು. ಬಹಳ ಹೊತ್ತಾದ ಮೇಲೆ ಬಾಗಿಲು ಮೆಲ್ಲನೆ ಮುಚ್ಚಿಕೊಂಡಿತು.

ಬರಿಗೈಯಲ್ಲಿ ವಾಪಸು ಬಂದ ಅವನ ಕಣ್ಣುಗಳು ಕೆಂಪಾಗಿದ್ದವು. ಅಲ್ಲಿಂದ ಏನನ್ನೂ ಕದಲಿಸಲು ಅವನ ಕೈಲೂ ಆಗಿರಲಿಲ್ಲ. ಹಲಗೆಯಿಂದ ಒಂದು ಕಪ್ಪು ತೆಗೆದು ಮೆಷಿನ್ನಿನ ಮೇಲಿಟ್ಟ.

"ನಂಗೂ ಸ್ವಲ್ಪ ಹಾಕು ಕಣೇ."

ಹಾಕಿದಳು. ಅಷ್ಟಗಲದ ಕೋಣೆಯಲ್ಲಿ ಕೂರಲು ಜಾಗವಿಲ್ಲ. ಇಬ್ಬರೂ ನಿಂತೇ ಕುಡಿದರು, ಅವನು ಕಿಟಕಿಯ ಕಡೆಗೆ ಮುಖ ಮಾಡಿ, ಅವಳು ಹಲಗೆಯ ಕಡೆಗೆ.